ಜಾವಾ ದಿನಕ್ಕೆ ಹಳೆಯ ಯೆಜ್ಡಿಯಲ್ಲಿ ಹೊರಟರೆ: ದಾರಿ ಸುಲಭ, ಮೆರವಣಿಗೆ ಕಷ್ಟ

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರ 1974ರ ಯೆಜ್ಡಿ 250 ಬಿ ಟೈಪ್ ನನ್ನ ಹತ್ತಿರ ಇದೆ. ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಜುಲೈನಲ್ಲಿ ಮೈಸೂರಿನಲ್ಲಿ ನಡೆಯುವ ಜಾವಾ-ಯೆಜ್ಡಿ ದಿನಾಚರಣೆಗೆ ಹಾಸನದಿಂದ ಐದು ಗಾಡಿಗಳಲ್ಲಿ ಹೋಗೋಣ ಅಂತಿದ್ದೇವೆ. ನನ್ನದಲ್ಲದೆ ಇನ್ನೊಂದು ಹಳೆಯ ಜಾವಾ, ಒಂದು ಯೆಜ್ಡಿ ರೋಡ್‌ಕಿಂಗ್, ಎರಡು ಹೊಸ ಜಾವಾ. ಅಷ್ಟು ದೂರ ಈ ಗಾಡಿ ತಡೆದೀತೇ? ಹೊರಡುವ ಮುಂಚೆ ಎಂಜಿನ್ ಬಿಚ್ಚಿಸಿ ಪೂರ್ತಿ ಕೆಲಸ ಮಾಡಿಸಬೇಕೇ? ಆರ್.ಸಿ. ಅವಧಿ ಮುಗಿದಿದೆ, ಅದೂ ಇನ್ನೂ ತಂದೆಯವರ ಹೆಸರಲ್ಲೇ ಇದೆ.

ಉತ್ತರ: ಕೊನೆಯ ಸಾಲಿನಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಸಮಯ ಹಿಡಿಯುವುದು ಅದೇ. ಅವಧಿ ಮುಗಿದ ಆರ್.ಸಿ. ಇಟ್ಟುಕೊಂಡು ರಸ್ತೆಗಿಳಿಯಬೇಡಿ. ಅಪಘಾತವಾದರೆ ವಿಮಾ ಕಂಪನಿಗೆ ಕೈ ತೊಳೆದುಕೊಳ್ಳಲು ಅಷ್ಟೇ ಸಾಕು. ಮಾಲೀಕರು ತೀರಿಕೊಂಡಾಗ ಹೆಸರು ಬದಲಾವಣೆಗೆ ಫಾರಂ 31, ನೋಂದಣಿ ನವೀಕರಣಕ್ಕೆ ಫಾರಂ 25. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಚಾಲ್ತಿಯಲ್ಲಿರುವ ವಿಮೆ, ಹೊಗೆ ಪ್ರಮಾಣಪತ್ರ ಜೊತೆಗಿರಲಿ. ನವೀಕರಣಕ್ಕೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಹಸಿರು ತೆರಿಗೆಯನ್ನೂ ತಡವಾದುದಕ್ಕೆ ದಂಡವನ್ನೂ ಕಟ್ಟಬೇಕಾಗುತ್ತದೆ. ಎಂಜಿನ್ ನಂಬರ್, ಚಾಸಿ ನಂಬರ್ ಓದುವಂತಿರಲಿ. ಚಾಸಿ ನಂಬರಿನ ಮೇಲೆ ಪೇಂಟ್ ಬಳಿದಿದ್ದರೆ ಮೊದಲೇ ಕೆರೆದು ಕಾಣಿಸುವಂತೆ ಮಾಡಿ. ಒಮ್ಮೆ ನವೀಕರಿಸಿದರೆ ಐದು ವರ್ಷ ನಿಶ್ಚಿಂತೆ.

ನಿಮ್ಮ ಗಾಡಿಗೆ 50 ವರ್ಷ ದಾಟಿರುವುದರಿಂದ ಯಾರಾದರೂ 'ವಿಂಟೇಜ್ ನಂಬರ್ ಮಾಡಿಸಿ' ಎಂದು ಸಲಹೆ ಕೊಡಬಹುದು. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೂಲ ರೂಪ ಬದಲಾಗದ 50 ವರ್ಷ ದಾಟಿದ ಗಾಡಿಗಳಿಗೆ 'ವಿಎ' ಅಕ್ಷರಗಳಿರುವ ಪ್ರತ್ಯೇಕ ಸರಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಬಿಟ್ಟು ದಿನಬಳಕೆಗೆ ಓಡಿಸುವಂತಿಲ್ಲ. ಊರೊಳಗೆ ಓಡಿಸುವ ನಿಮಗೆ ಮಾಮೂಲಿ ನವೀಕರಣವೇ ಸರಿ. ಹೊಗೆ ತಪಾಸಣೆಗೆ ಹೆದರಬೇಡಿ. 2000ದ ಮಾರ್ಚ್‌ಗಿಂತ ಮುಂಚಿನ ಗಾಡಿಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 4.5, ಹೈಡ್ರೊಕಾರ್ಬನ್ ಮಿತಿ 9,000 ಪಿಪಿಎಂ. ಹದಿನೈದು ನಿಮಿಷ ಓಡಿಸಿ ಎಂಜಿನ್ ಬಿಸಿಯಾದ ಮೇಲೆ ತೋರಿಸಿದರೆ ಸುಸ್ಥಿತಿಯ ಬಿ ಟೈಪ್ ಪಾಸಾಗುತ್ತದೆ. ತಣ್ಣಗಿದ್ದಾಗ ಒಯ್ದರೆ ಒಳಗೆ ನಿಂತ ಆಯಿಲೆಲ್ಲ ಹೊಗೆಯಾಗಿ ಬಂದು ಫೇಲಾಗುತ್ತದೆ.

ಇನ್ನು ದೂರದ ಮಾತು. ಹೊಳೆನರಸೀಪುರ, ಭೇರ್ಯ, ಕೆ.ಆರ್. ನಗರ, ಇಲವಾಲದ ಮೇಲೆ ಮೈಸೂರಿಗೆ 120 ಕಿ.ಮೀ. ಆಸುಪಾಸು. ಈ ಗಾಡಿ ಹುಟ್ಟಿದ್ದೇ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. 1961ರಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಅಲ್ಲಿಂದ ಬಂದ ಗಾಡಿಗಳು ಇಂಥ ರಸ್ತೆಗಳಲ್ಲಿ ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೊತ್ತು ದುಡಿದವು. ಗಂಟೆಗೆ 50ರಿಂದ 60 ಕಿ.ಮೀ. ವೇಗದಲ್ಲಿ ಗಾಳಿ ಬಡಿಯುತ್ತಿದ್ದರೆ 120 ಕಿ.ಮೀ. ಇದಕ್ಕೆ ಲೆಕ್ಕವೇ ಅಲ್ಲ. ಇಂಥ ಕೂಟಗಳಲ್ಲಿ ಗಾಡಿಗಳು ಕೈಕೊಡುವುದು ಎರಡು ಕಾರಣಕ್ಕೆ: ಹಿಂದಿನ ವಾರ ಮಾಡಿಸಿದ ಹೊಸ ಕೆಲಸ, ಮತ್ತು ನಗರದೊಳಗಿನ ಆಮೆ ನಡಿಗೆಯ ಮೆರವಣಿಗೆ. ತಯಾರಿಯನ್ನು ಇವೆರಡರ ಲೆಕ್ಕದಲ್ಲಿ ಮಾಡಿಕೊಳ್ಳಿ.

ಆದ್ದರಿಂದ ಚೆನ್ನಾಗಿ ಓಡುತ್ತಿರುವ ಎಂಜಿನ್ ಬಿಚ್ಚಿಸಬೇಡಿ. ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದರೆ ಮೊದಲ ಕೆಲವು ನೂರು ಕಿ.ಮೀ. ಮೆಲ್ಲಗೆ ಓಡಿಸಿ ಪಳಗಿಸಬೇಕು. ಆ ಹೊತ್ತಿನಲ್ಲಿ ಮೆರವಣಿಗೆಗೆ ಹೋದರೆ ಬಿಸಿಗೆ ಪಿಸ್ಟನ್ ಹಿಗ್ಗಿ ಸೀಜ್ (ಜಾಮ್) ಆಗುವುದು ಬಹುತೇಕ ಖಾತ್ರಿ. ಬಿಚ್ಚಲೇಬೇಕೇ ಎಂದು ತಿಳಿಯಲು ಆಯಿಲ್ ಸೀಲ್ ನೋಡಿ. ಈ ಎಂಜಿನ್‌ನಲ್ಲಿ ಪಿಸ್ಟನ್ನಿನ ಕೆಳಗೆ ತಿರುಗುವ ಕ್ರ್ಯಾಂಕಿನ ಎರಡೂ ಕಡೆ ಸೀಲ್ ಇವೆ. ಕ್ಲಚ್ ಕಡೆಯದು ಸವೆದಿದ್ದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್‌ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತದೆ. ಡೈನಮೊ ಕಡೆಯದು ಸವೆದಿದ್ದರೆ ಗಾಳಿ ಎಳೆಯುತ್ತದೆ. ಐಡ್ಲಿಂಗ್ (ನಿಂತಾಗಿನ ಓಟ) ಒಂದೇ ಸಮ ನಿಲ್ಲದೆ ತಾನಾಗಿಯೇ ಏರುತ್ತದೆ, ಸ್ಪಾರ್ಕ್ ಪ್ಲಗ್ ಬೆಳ್ಳಗಾಗುತ್ತದೆ. ಈ ಎರಡನೆಯದೇ ಅಪಾಯ. ಗಾಳಿ ಹೆಚ್ಚಾಗಿ ಪೆಟ್ರೋಲ್-ಆಯಿಲ್ ಕಡಿಮೆಯಾದರೆ ಎಂಜಿನ್ ಕಾದು ಜಾಮ್ ಆಗುತ್ತದೆ. ಈ ಲಕ್ಷಣ ಕಂಡರೆ ಮಾತ್ರ ಒಂದೂವರೆ ತಿಂಗಳು ಮುಂಚೆಯೇ ಎಂಜಿನ್ ಕೆಲಸಕ್ಕೆ ಬಿಡಿ.

ಉಳಿದಂತೆ ನಾಲ್ಕು ವಾರ ಇರುವಾಗ ಶುರು ಮಾಡಿ, ಕೊನೆಯ ವಾರ ಗಾಡಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಮೊದಲು ಪೆಟ್ರೋಲ್ ದಾರಿ. ಟ್ಯಾಂಕ್ ಖಾಲಿ ಮಾಡಿ ಒಳಗಿನ ತುಕ್ಕು ನೋಡಿ, ಪೆಟ್ರೋಲ್ ಕಾಕಿನ (ಟ್ಯಾಂಕಿನ ಕೆಳಗಿನ ನಲ್ಲಿಯ) ಜಾಲರಿ ತೊಳೆಯಿರಿ. ಟ್ಯಾಂಕ್ ಮುಚ್ಚಳದ ಗಾಳಿ ತೂತಿಗೆ ಸಣ್ಣ ತಂತಿ ಆಡಿಸಿ. ಈ ತೂತು ಕಟ್ಟಿಕೊಂಡರೆ ಗಾಡಿ ಹತ್ತಿಪ್ಪತ್ತು ಕಿ.ಮೀ. ಓಡಿ ಪೆಟ್ರೋಲ್ ಮುಗಿದಂತೆ ನಿಲ್ಲುತ್ತದೆ, ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡುತ್ತದೆ. ಇದು ತಿಳಿಯದೆ ದಾರಿ ಬದಿಯಲ್ಲಿ ಇಡೀ ಕಾರ್ಬೊರೇಟರ್ ಬಿಚ್ಚಿ ಹರಡಿಕೊಂಡು ಕೂರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪು ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ, ಟ್ಯಾಂಕಿಗೆ ಒಳಗಿನಿಂದ ಹಚ್ಚಿಸಿದ ಲೇಪ ಎದ್ದು ಬಂದು ಕಾರ್ಬೊರೇಟರಿನ ಜೆಟ್ (ಸಣ್ಣ ತೂತು) ಕಟ್ಟುತ್ತದೆ. ಎಥೆನಾಲ್ ತೇವ ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ತಳದಲ್ಲಿ ನೀರು ಬೇರೆಯಾಗುತ್ತದೆ. ಪೈಪನ್ನು ಎಥೆನಾಲ್ ತಡೆಯುವ ಗುಣಮಟ್ಟದ್ದಕ್ಕೆ ಬದಲಿಸಿ, ಕೂಟಕ್ಕೆ ಹೊರಡುವಾಗ ಹೊಸ ಪೆಟ್ರೋಲೇ ಇರಲಿ. ಅದೇ ಜೆಟ್ಟಿನಲ್ಲಿ ಈ ಪೆಟ್ರೋಲ್ ಸ್ವಲ್ಪ ತೆಳು ಮಿಶ್ರಣ ಕೊಡುತ್ತದೆ. ಗಟ್ಟಿಯಾಗಿ ಓಡಿಸಿ ಎಂಜಿನ್ ತಟ್ಟನೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ, ಗಾಳಿ ಸೋರಿಕೆ ಇಲ್ಲ ಎಂದು ಖಚಿತಪಡಿಸಿಕೊಂಡು, ಕಾರ್ಬೊರೇಟರ್ ನೀಡಲ್‌ನ ಕ್ಲಿಪ್ಪನ್ನು ಒಂದು ಗೀರು ಕೆಳಗೆ ಹಾಕಿ. ನೀಡಲ್ ಮೇಲೇರಿ ಮಿಶ್ರಣ ಗಟ್ಟಿಯಾಗುತ್ತದೆ.

ಹಳೆಯ ಗಾಡಿ ಎರಡು ಸ್ಟ್ರೋಕಿನದು, ಪೆಟ್ರೋಲಿಗೇ ಬೆರೆಸುವ ಟು-ಟಿ ಆಯಿಲ್ ಲೆಕ್ಕದಲ್ಲಿ ಜಿಪುಣತನ ಬೇಡ. 25 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್, ಅಂದರೆ ಲೀಟರಿಗೆ 40 ಮಿಲಿ, 10 ಲೀಟರಿಗೆ 400 ಮಿಲಿ. ಹೊಗೆ ಕಡಿಮೆಯಾಗಲೆಂದು 20 ಮಿಲಿಗೆ ಇಳಿಸುವವರಿದ್ದಾರೆ, ಮೆರವಣಿಗೆ ದಿನ ಅದರ ಬೆಲೆ ತೆರುತ್ತಾರೆ. ಆಯಿಲನ್ನು ಅರ್ಧ ಲೀಟರ್ ಪೆಟ್ರೋಲಿನಲ್ಲಿ ಬಾಟಲಿಯಲ್ಲೇ ಕಲಸಿ ಟ್ಯಾಂಕಿಗೆ ಹಾಕಿ, ಮೇಲೆ ಪೆಟ್ರೋಲ್ ತುಂಬಿಸಿ. ಬರೀ ಆಯಿಲ್ ಸುರಿದರೆ ತಳಕ್ಕಿಳಿದು ಕಾಕಿನ ಬಾಯಲ್ಲಿ ನಿಲ್ಲುತ್ತದೆ. ರೋಡ್‌ಕಿಂಗ್ ಗೆಳೆಯರಿಗೂ ಇದೇ ಲೆಕ್ಕ. ಹೊಸ ಜಾವಾ ನಾಲ್ಕು ಸ್ಟ್ರೋಕಿನವು, ಅವಕ್ಕೆ ತಪ್ಪಿಯೂ ಈ ಬಾಟಲಿ ಸುರಿಯಬೇಡಿ.

ಕಿಡಿಯ ವಿಷಯಕ್ಕೆ ಬರೋಣ. ಕಿಡಿಯನ್ನು ಹೊತ್ತಿಗೆ ಸರಿಯಾಗಿ ಬಿಡುವ ಪ್ಲಾಟಿನಂ ಪಾಯಿಂಟಿನ ಅಂತರ 0.4 ಎಂಎಂ, ಪ್ಲಗ್ ಅಂತರ 0.6 ಎಂಎಂ. ಪ್ಲಗ್ 14 ಎಂಎಂ ದಪ್ಪದ, ಗಿಡ್ಡ ಥ್ರೆಡ್‌ನದೇ ಆಗಿರಬೇಕು. ಅಂಗಡಿಯವನು ಕೊಟ್ಟನೆಂದು ಉದ್ದ ಥ್ರೆಡ್‌ನದು ಹಾಕಿದರೆ ಪಿಸ್ಟನ್ ತಲೆಗೆ ತಾಗುತ್ತದೆ. ಅಂತರ ಸರಿಪಡಿಸಿದ ಮೇಲೇ ಟೈಮಿಂಗ್ (ಕಿಡಿ ಹಾರುವ ಹೊತ್ತು) ನೋಡಿಸಿ, ಏಕೆಂದರೆ ಪಾಯಿಂಟಿನ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಹಳೆಯದಾಗಿದ್ದರೆ ಎಂಜಿನ್ ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಓಡುವಾಗ ಪಾಯಿಂಟುಗಳ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಅನುಮಾನವೇ ಬೇಡ. ಹೊಸದು ಹಾಕಿದ ಮೇಲೂ ಹಳೆಯ, ಕೆಲಸ ಮಾಡುವ ಕಂಡೆನ್ಸರನ್ನು ಎಸೆಯಬೇಡಿ. ಈಗ ಸಿಗುವ ಹೊಸವುಗಳಲ್ಲಿ ಪೆಟ್ಟಿಗೆಯಿಂದ ತೆಗೆದಾಗಲೇ ಸತ್ತಿರುವವೂ ಇರುತ್ತವೆ.

ಎಲ್ಲ ಮುಗಿದ ಮೇಲೆ ಎರಡು ಪರೀಕ್ಷೆ ಮಾಡಿ. ಒಂದು, ಒಂದೇ ಓಟದಲ್ಲಿ 60 ಕಿ.ಮೀ. ಓಡಿಸಿ ನಿಲ್ಲಿಸಿ, ಐದು ನಿಮಿಷ ಬಿಟ್ಟು ಬಿಸಿಯಿದ್ದಾಗಲೇ ಕಿಕ್ ಹೊಡೆಯಿರಿ. ಎರಡು ಮೂರು ಕಿಕ್ಕಿಗೆ ಹಿಡಿಯಬೇಕು. ಮಾರನೆಯ ದಿನ, ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಎದುರುಬದುರಾಗಿ ಒಂದೊಂದೇ ಬಿಗಿ ನೋಡಿ. ಸೈಲೆನ್ಸರ್ ಪೈಪು ಸಿಲಿಂಡರಿಗೆ ಸೇರುವಲ್ಲಿನ ದುಂಡು ನಟ್ಟುಗಳೂ ಸಡಿಲವಾಗಿರುತ್ತವೆ, ಅಲ್ಲಿ ಕಪ್ಪು ಜಿಡ್ಡು ಸೋರುತ್ತಿದ್ದರೆ ಅದೇ ಗುರುತು. ಎರಡು, ಸಂಜೆ ಊರೊಳಗೆ ಇಪ್ಪತ್ತು ನಿಮಿಷ ಮೊದಲನೇ, ಎರಡನೇ ಗೇರಿನಲ್ಲೇ ನಿಂತು ನಿಂತು ಓಡಿಸಿ. ಈ ಎರಡನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ಮೆರವಣಿಗೆಗೆ ಇದೇ ನಿಜವಾದ ಪರೀಕ್ಷೆ.

ಯಾಕೆಂದರೆ ನಡಿಗೆ ವೇಗದಲ್ಲಿ ಈ ಗಾಡಿಗೆ ಮೂರು ಕಡೆಯಿಂದ ಹೊಡೆತ. ಗಾಳಿಯಿಂದ ತಣಿಯುವ ಎಂಜಿನ್‌ಗೆ ಗಾಳಿಯಿಲ್ಲ, ಹಾಗಾಗಿ ಕಾಯುತ್ತದೆ. ಪ್ಲಗ್ಗಿಗೆ ತನ್ನ ಮೇಲಿನ ಮಸಿ ಸುಟ್ಟುಕೊಳ್ಳುವಷ್ಟು ಬಿಸಿ ಸಿಗದೆ ಆಯಿಲ್ ಅಂಟಿ ಕಿಡಿ ಕೊಡುವುದನ್ನು ನಿಲ್ಲಿಸುತ್ತದೆ. ಮೂರನೆಯದು ಬ್ಯಾಟರಿ. ನಿಮ್ಮದು 6 ವೋಲ್ಟ್ ಡೈನಮೊ ಗಾಡಿ, ಕಿಡಿಗೂ ಬ್ಯಾಟರಿಯೇ ಆಧಾರ. ಐಡ್ಲಿಂಗಿನಲ್ಲಿ ಡೈನಮೊ ಚಾರ್ಜ್ ಕೊಡುವುದಿಲ್ಲ, ಕೆಂಪು ದೀಪ ಉರಿಯುವುದು ಅದಕ್ಕೇ. ಹೆಡ್‌ಲೈಟ್ ಹಾಕಿಕೊಂಡು, ಬ್ರೇಕ್ ಲೈಟ್ ಉರಿಸುತ್ತಾ, ಖುಷಿಗೆ ಹಾರನ್ ಒತ್ತುತ್ತಾ ಅರ್ಧ ಗಂಟೆ ತೆವಳಿದರೆ ಬ್ಯಾಟರಿ ಬರಿದಾಗಿ ಗಾಡಿ ನಿಲ್ಲುತ್ತದೆ. ಹಗಲಲ್ಲಿ ಹೆಡ್‌ಲೈಟ್ ಆರಿಸಿಡಿ. ತಾನಾಗಿಯೇ ಉರಿಯುವ ಹೆಡ್‌ಲೈಟಿನ ನಿಯಮ 2017ರ ಏಪ್ರಿಲ್‌ನಿಂದ ಈಚೆಗೆ ಬಂದ ಹೊಸ ಗಾಡಿಗಳದ್ದು, ನಿಮ್ಮದಕ್ಕಲ್ಲ. ಹಿಂದಿನ ದೀಪಕ್ಕೆ 6 ವೋಲ್ಟಿನ ಎಲ್‌ಇಡಿ ಬಲ್ಬ್ ಹಾಕಿದರೆ ಇನ್ನಷ್ಟು ಉಳಿತಾಯ. ಹಿಂದಿನ ರಾತ್ರಿ ಲಾಡ್ಜಿನಲ್ಲಿ ಚಾರ್ಜ್ ಮಾಡಲು 6 ವೋಲ್ಟಿಗೆ ಹೊಂದುವ ಚಾರ್ಜರ್ ಒಯ್ಯಿರಿ. 12 ವೋಲ್ಟಿನದನ್ನು ತಗುಲಿಸಿದರೆ ಬ್ಯಾಟರಿ ಕುದಿಯುತ್ತದೆ.

ಮೆರವಣಿಗೆಯಲ್ಲಿ ಕ್ಲಚ್ ಹಿಡಿದು ಅರ್ಧಂಬರ್ಧ ಬಿಡುತ್ತಾ ತೆವಳಬೇಡಿ. ಮುಂದಿನವರಿಗೆ ಹದಿನೈದು ಇಪ್ಪತ್ತು ಅಡಿ ಬಿಟ್ಟು ನಿಂತು, ಜಾಗವಾದ ಮೇಲೆ ಒಂದೇ ಸಲ ಹೋಗಿ ಮತ್ತೆ ನ್ಯೂಟ್ರಲ್ ಮಾಡಿ. ಹಳೆಯ ಕಾರ್ಕ್ ಕ್ಲಚ್ ಪ್ಲೇಟ್ ಒಮ್ಮೆ ಸುಟ್ಟರೆ ಅಲ್ಲಿಗೆ ನಿಮ್ಮ ದಿನ ಮುಗಿಯಿತು. ಕ್ಲಚ್ ಗೇರ್ ಆಯಿಲಿನಲ್ಲೇ ಮುಳುಗಿರುವುದರಿಂದ ಜಾರುವಿಕೆ ಹೆಚ್ಚಿಸುವ ಸೇರ್ಪಡೆಗಳಿರುವ ಕಾರಿನ ಆಯಿಲ್ ಬೇಡ, ವೆಟ್ ಕ್ಲಚ್ ಮೋಟರ್‌ಸೈಕಲ್‌ಗೆ ಹೇಳಿದ್ದನ್ನೇ ಹಾಕಿ. ಎರಡು ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಕಾದರೆ ಎಂಜಿನ್ ಆರಿಸಿ. ಆಗಾಗ ಆಕ್ಸಿಲರೇಟರ್ ಒಂದು ಸಲ ಏರಿಸಿ ಇಳಿಸಿದರೆ ಪ್ಲಗ್ ಶುಭ್ರವಾಗುತ್ತದೆ. ಒಂದೇ ಸಮ ಅಬ್ಬರಿಸುವುದರಿಂದ ಮಾತ್ರ ಏನೂ ಪ್ರಯೋಜನವಿಲ್ಲ, ಅಕ್ಕಪಕ್ಕದವರ ಕಣ್ಣು ಉರಿಯುತ್ತದೆ ಅಷ್ಟೆ. ಬ್ಯಾಟರಿ ಸತ್ತೇ ಹೋದರೆ ಬೀಗದ ತುರ್ತು ಸ್ಥಾನಕ್ಕೆ ಕೀ ತಿರುಗಿಸಿ, ಎರಡನೇ ಗೇರಿನಲ್ಲಿ ಇಬ್ಬರಿಂದ ತಳ್ಳಿಸಿ ಸ್ಟಾರ್ಟ್ ಮಾಡಿ. ಹಿಡಿದ ಮೇಲೆ ಎಂಜಿನ್ ವೇಗ ಇಳಿಯಲು ಬಿಡದೆ ಓಡಿಸಿ.

ಐದು ಗಾಡಿಗಳ ಸಾಲಿನ ಬಗ್ಗೆ. ಹೊಸ ಜಾವಾಗಳಿಗೆ ಡಿಸ್ಕ್ ಬ್ರೇಕು, ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ನಿಮ್ಮದಕ್ಕೆ ಡ್ರಮ್. ಹೊಸ ಗಾಡಿ ಮುಂದೆ ಹೋಗಿ ತಟ್ಟನೆ ನಿಂತರೆ ನೀವು ನಿಲ್ಲಿಸಲಾಗದೆ ಅದರ ಬೆನ್ನಿಗೆ ಹೋಗಿ ಗುದ್ದುತ್ತೀರಿ. ಆದ್ದರಿಂದ ಅತಿ ನಿಧಾನದ ಹಳೆಯ ಗಾಡಿ ಮೊದಲು, ಉಳಿದ ಹಳೆಯವು ನಡುವೆ, ಹೊಸವೆರಡು ಕೊನೆಗೆ. ಕೊನೆಯವರ ಬಳಿ ಟೂಲ್ಸು, ಟೋ ಹಗ್ಗ, ಔಷಧಿ ಪೆಟ್ಟಿಗೆ ಇರಲಿ. ಹಿಂದಿನವರಿಗೆ ಹೊಗೆ ಹೊಡೆಯುತ್ತದೆಂಬ ತಕರಾರು ಬರುತ್ತದೆ. ನೇರ ಬೆನ್ನಿಗೆ ಅಂಟದೆ ಒಬ್ಬರು ಎಡಕ್ಕೆ, ಮುಂದಿನವರು ಬಲಕ್ಕೆ ಓರೆಯಾಗಿ, ಕನಿಷ್ಠ ಎರಡು ಸೆಕೆಂಡ್ ಅಂತರದಲ್ಲಿ ಬಂದರೆ ಅದೂ ಕಡಿಮೆಯಾಗುತ್ತದೆ. ಮಳೆ ಬಂದರೆ ಅಂತರ ಇಮ್ಮಡಿ ಮಾಡಿ. ತಿರುವಿನಲ್ಲಿ ಹಿಂದಿನವರು ಕಾಣದಿದ್ದರೆ ಪ್ರತಿಯೊಬ್ಬರೂ ತಮ್ಮ ಹಿಂದಿನವರಿಗಾಗಿ ನಿಲ್ಲುವುದು ಎಂಬ ಒಂದೇ ನಿಯಮ ಇದ್ದರೆ ಯಾರೂ ದಾರಿ ತಪ್ಪುವುದಿಲ್ಲ. ಮೊದಲ ನಿಲುಗಡೆ ಹೊಳೆನರಸೀಪುರ, ಎರಡನೆಯದು ಕೆ.ಆರ್. ನಗರ. ನಿಂತಾಗ ಚಕ್ರಗಳ ನಡುವಿನ ಹಬ್ ಮುಟ್ಟಿ ನೋಡಿ. ಒಂದು ಚಕ್ರದ್ದು ಮಾತ್ರ ಕೈ ಸುಡುವಷ್ಟು ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಅಥವಾ ಬೇರಿಂಗ್ ಹೋಗಿದೆ. ಬೆಂಗಳೂರಿನಿಂದ ಯಾರಾದರೂ ಬಂದು ಸೇರುವವರಿದ್ದರೆ ಅವರಿಗೊಂದು ಮಾತು ಹೇಳಿ: 2023ರ ಆಗಸ್ಟ್‌ನಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವೀಸ್ ರಸ್ತೆಯಲ್ಲೇ ಬರಬೇಕು.

ಜುಲೈ ಅಂದರೆ ಮಳೆಗಾಲ. ಡ್ರಮ್ಮಿಗೆ ನೀರು ಹೋದರೆ ಮೊದಲ ಎರಡು ಮೂರು ಬ್ರೇಕ್ ಹಿಡಿಯುವುದೇ ಇಲ್ಲ. ನೀರು ದಾಟಿದ ಕೂಡಲೇ ಬ್ರೇಕ್ ಹಗುರವಾಗಿ ಒತ್ತಿಕೊಂಡೇ ಸ್ವಲ್ಪ ದೂರ ಓಡಿಸಿ ಒಣಗಿಸಿ. ಹಳೆಯ ಬ್ರೇಕ್ ಶೂನ ಲೈನರ್ ಅಂಟು ಬಿಟ್ಟು ಕಿತ್ತು ಬಂದರೆ ಚಕ್ರವೇ ಜಾಮ್ ಆಗುತ್ತದೆ, ಹೊರಡುವ ಮುಂಚೆ ಡ್ರಮ್ ತೆಗೆಸಿ ನೋಡಿಸಿ. ಪ್ಲಗ್ ಕ್ಯಾಪ್ ಬಿರುಕು ಬಿಟ್ಟಿದ್ದರೆ ಬದಲಿಸಿ, ಮಳೆಯಲ್ಲಿ ಕಿಡಿ ಅಲ್ಲಿಂದಲೇ ಸೋರುತ್ತದೆ.

ಬ್ಯಾಗಿನಲ್ಲಿ ಹೊಸ ಪ್ಲಗ್ ಎರಡು, ಪ್ಲಗ್ ಸ್ಪ್ಯಾನರ್, ಪಾಯಿಂಟ್ ಸೆಟ್, ಕಂಡೆನ್ಸರ್, ಫೀಲರ್ ಗೇಜ್, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಫ್ಯೂಸು, ಚೈನ್ ಲಾಕ್ ಎರಡು, ಅರ್ಧ ಲೀಟರ್ ಟು-ಟಿ ಆಯಿಲ್, ಇನ್ಸುಲೇಶನ್ ಟೇಪು, ಕಟ್ಟುತಂತಿ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಲಿ. ಎಲ್ಲಕ್ಕಿಂತ ಮುಖ್ಯ ಟ್ಯೂಬು. ಬಿ ಟೈಪಿನ ಟೈರ್ 3.25-16. ಪಂಕ್ಚರ್ ಅಂಗಡಿ ದಾರಿಯುದ್ದಕ್ಕೂ ಸಿಗುತ್ತದೆ, ಈ ಅಳತೆಯ ಟ್ಯೂಬು ಸಿಗುವ ಭರವಸೆ ಇಲ್ಲ. ಕೇಬಲ್ ಒಯ್ದರೆ ಸಾಲದು, ಅದರ ತುದಿಯ ಗುಂಡು ಲಿವರಿನಲ್ಲಿ ಕೂರುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಹೊಸ ತಯಾರಿಕೆಯ ಕೇಬಲ್‌ಗಳು ಎರಡು ಮೂರು ಸೆಂಟಿಮೀಟರ್ ಗಿಡ್ಡವಿರುವುದು ಸಾಮಾನ್ಯ.

ದಿನದ ಲೆಕ್ಕ: ಕೂಟ ಸಾಮಾನ್ಯವಾಗಿ ಜುಲೈನ ಎರಡನೇ ಭಾನುವಾರ, ಜಾಗ ಮತ್ತು ಸಮಯ ಆಯೋಜಕರಿಂದ ಕೇಳಿಕೊಳ್ಳಿ. ಭಾನುವಾರ ಬೆಳಗ್ಗೆ ಹಾಸನದಿಂದ ಹೊರಟು ಕಾದ ಎಂಜಿನ್ನಿನಲ್ಲಿ ನೇರ ಮೆರವಣಿಗೆಗೆ ಸೇರುವ ಬದಲು ಶನಿವಾರವೇ ಹೋಗಿ ಉಳಿಯಿರಿ. ಆ ಹೊತ್ತಿಗೆ ಆಷಾಢವೂ ಬಂದಿದ್ದರೆ ಚಾಮುಂಡಿ ಬೆಟ್ಟದ ಭಕ್ತರಿಂದ ಲಾಡ್ಜುಗಳು ತುಂಬಿರುತ್ತವೆ, ಬೆಟ್ಟದ ರಸ್ತೆಯಲ್ಲಿ ಖಾಸಗಿ ವಾಹನಕ್ಕೆ ಕೆಲವು ದಿನ ನಿರ್ಬಂಧವೂ ಇರುತ್ತದೆ. ರೂಮು ಮೊದಲೇ ಹಿಡಿಯಿರಿ. ಬೆಟ್ಟ ಹತ್ತಿ ಬರುವ ಆಸೆಯಿದ್ದರೆ ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಹುಷಾರು. ಈ ಎಂಜಿನ್‌ಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಗೇ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲಿ ಉದ್ದಕ್ಕೂ ಇಳಿದರೆ ಪಿಸ್ಟನ್ ವೇಗವಾಗಿ ಓಡುತ್ತಿರುತ್ತದೆ, ಅದಕ್ಕೆ ಆಯಿಲ್ ಮಾತ್ರ ಬರುವುದಿಲ್ಲ. ಕೆಲವು ಸೆಕೆಂಡಿಗೊಮ್ಮೆ ಕ್ಲಚ್ ಹಿಡಿದು ಆಕ್ಸಿಲರೇಟರ್ ಸ್ವಲ್ಪ ಕೊಡುತ್ತಾ ಇಳಿಯಿರಿ. ಹೊಸ ಜಾವಾದವರಿಗೆ ಈ ತಾಪತ್ರಯವಿಲ್ಲ, ಅವರನ್ನು ನೋಡಿ ನೀವು ಹಾಗೆ ಇಳಿಯಬೇಡಿ.

ಗಾಡಿ ನಿಲ್ಲಿಸಿದಾಗ ಪೆಟ್ರೋಲ್ ಕಾಕ್ ಮುಚ್ಚುವುದನ್ನು ಮರೆಯಬೇಡಿ. ಮರೆತರೆ ಕಾರ್ಬೊರೇಟರ್ ತುಂಬಿ ಕ್ರ್ಯಾಂಕಿಗೆ ಪೆಟ್ರೋಲ್ ಇಳಿಯುತ್ತದೆ. ಆಗ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಕೀ ಆಫ್ ಇಟ್ಟು, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹತ್ತು ಕಿಕ್ ಹೊಡೆದು ಹೊರಹಾಕಿ, ಒಣಗಿದ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಇನ್ನೊಂದು, ಹಳೆಯ ಜಾವಾ-ಯೆಜ್ಡಿಗಳ ಮೊಳೆಯಂಥ ಕೀ ಒಂದರದು ಇನ್ನೊಂದಕ್ಕೂ ಆಗುತ್ತದೆ. ನೂರಾರು ಒಂದೇ ತರಹದ ಗಾಡಿ ನಿಂತ ಮೈದಾನದಲ್ಲಿ ಕೀ ಕಿತ್ತುಕೊಂಡು ಹೋದರೆ ಸಾಲದು, ಚಕ್ರಕ್ಕೆ ಸರಪಳಿ ಬೀಗ ಹಾಕಿ. ಬಿಡಿಭಾಗ ಮಾರುವವರು ಬಂದಿದ್ದರೆ ಬೆಳಗ್ಗೆಯೇ ಹೋಗಿ, ಸವೆದ ನಿಮ್ಮ ಹಳೆಯ ಭಾಗವನ್ನು ಕೈಯಲ್ಲಿ ಹಿಡಿದು ಅಳತೆ ಹೋಲಿಸಿ ಕೊಳ್ಳಿ. ಕೊಂಡದ್ದನ್ನು ಮೈದಾನದಲ್ಲೇ ಗಾಡಿಗೆ ಹಾಕುವ ಉತ್ಸಾಹ ಮಾತ್ರ ಬೇಡ, ಹಾಸನಕ್ಕೆ ಬಂದ ಮೇಲೆ ಹಾಕಿಸಿ. ವಾಪಸು ಹೊರಡುವುದು ಮಧ್ಯಾಹ್ನ ಮೂರರೊಳಗೆ ಆದರೆ ಒಳ್ಳೆಯದು. 6 ವೋಲ್ಟಿನ ಹೆಡ್‌ಲೈಟಿನಲ್ಲಿ ರಾತ್ರಿ ಕೆ.ಆರ್. ನಗರದ ಆಚೆ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂಬದಿ ಕಾಣುವುದು ತೀರ ಹತ್ತಿರ ಹೋದ ಮೇಲೆಯೇ.